ಏಜೆಂಟ್ ಕೈಗೆ ಲೆಕ್ಕದ ಪುಸ್ತಕ ಕೊಡುವ ಮುನ್ನ

‘ಹೋದ ತಿಂಗಳು ಹೋಟೆಲ್ ಊಟಕ್ಕೆ ಎಷ್ಟಾಯ್ತು?’, ‘ದಿನಸಿ ಬಾಬ್ತಿಗೆ ಇನ್ನೆರಡು ಸಾವಿರ ಹಾಕು’ ಎಂದು ಹೇಳಿದರೆ ಸಾಕು, ಬಜೆಟ್ ತಂತ್ರಾಂಶದೊಳಗೆ ಹೋಗಿ ಕೆಲಸ ಮುಗಿಸುವ ಎಐ ಏಜೆಂಟ್ ಕಟ್ಟಿಕೊಳ್ಳುವುದು ಈಗ ಕಷ್ಟವಲ್ಲ. ಟೂಲ್‌ಗಳನ್ನು ಏಜೆಂಟ್‌ಗೆ ಜೋಡಿಸಲು ಆಂಥ್ರಾಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಎಂಸಿಪಿ ಎಂಬ ಮುಕ್ತ ಮಾನದಂಡ ಹೊರತಂದಿತು. ಅಮೆರಿಕದ ಬಜೆಟ್ ತಂತ್ರಾಂಶ ವೈನ್ಯಾಬ್, ಮುಕ್ತ ತಂತ್ರಾಂಶವಾದ ಆ್ಯಕ್ಚುಯಲ್ ಬಜೆಟ್ ಇವೆರಡಕ್ಕೂ ಎಪಿಐ ಇರುವುದರಿಂದ ಕೋಡ್ ಬರೆಯುವವರಿಗೆ ಅಡ್ಡಿಯೇನಿಲ್ಲ.

ಎಡವುವುದು ಟೂಲ್‌ನ ವಿವರಣೆ ಬರೆಯುವಾಗ. ಟೂಲ್‌ನ ಒಳಗಿನ ಕೋಡ್ ಸಾಮಾನ್ಯವಾಗಿ ಏಜೆಂಟ್‌ಗೆ ಕಾಣುವುದಿಲ್ಲ. ಟೂಲ್‌ನ ಹೆಸರು, ನಾಲ್ಕು ಸಾಲಿನ ವಿವರಣೆ, ತುಂಬಬೇಕಾದ ಮಾಹಿತಿಯ ಪಟ್ಟಿ ಇಷ್ಟನ್ನೇ ಓದಿಕೊಂಡು ಅದು ನಿಮ್ಮ ದುಡ್ಡಿನ ಲೆಕ್ಕಕ್ಕೆ ಕೈಹಾಕುತ್ತದೆ.

ಮೊದಲು ಮೊತ್ತ, ಆಮೇಲೆ ಉಳಿದದ್ದು

ವೈನ್ಯಾಬ್ ಎಪಿಐ ಹಣವನ್ನು ಮಿಲಿಯೂನಿಟ್‌ನಲ್ಲಿ ಕೇಳುತ್ತದೆ. ಒಂದು ರೂಪಾಯಿ ಅಂದರೆ 1000. ಖರ್ಚಿಗೆ ಮೈನಸ್ ಚಿಹ್ನೆ. ಹಾಗಾಗಿ 450 ರೂಪಾಯಿ ಖರ್ಚನ್ನು -450000 ಎಂದು ಬರೆಯಬೇಕು. ಆ್ಯಕ್ಚುಯಲ್‌ನಲ್ಲಿ ಅದೇ ಖರ್ಚು -45000, ಅಲ್ಲಿ ಲೆಕ್ಕ ಪೈಸೆಯಲ್ಲಿ. ವಿವರಣೆಯಲ್ಲಿ ಬರೀ ‘ಮೊತ್ತ’ ಎಂದಿದ್ದರೆ ಏಜೆಂಟ್ 450 ಎಂದು ಕಳಿಸಿಬಿಡಬಹುದು. ವೈನ್ಯಾಬ್ ಲೆಕ್ಕದಲ್ಲಿ ಅದು 45 ಪೈಸೆಯ ಜಮಾ! ಸಂಖ್ಯೆ ಸಂಖ್ಯೆಯಾಗಿಯೇ ಇರುವುದರಿಂದ ತಕರಾರು ಎತ್ತುವವರು ಯಾರೂ ಇಲ್ಲ. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದಿದ್ದಾಗಷ್ಟೇ ಗೊತ್ತಾಗುತ್ತದೆ.

ಆದ್ದರಿಂದ ಮೊತ್ತದ ಮುಂದೆ ಅಳತೆ, ಚಿಹ್ನೆ, ಒಂದು ಉದಾಹರಣೆ ಮೂರೂ ಇರಲಿ. ನನ್ನನ್ನು ಕೇಳಿದರೆ, ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. ಟೂಲ್ ರೂಪಾಯಿಯಲ್ಲೇ ಮೊತ್ತ ತೆಗೆದುಕೊಳ್ಳಲಿ, ಖರ್ಚೋ ಜಮೆಯೋ ಎಂಬುದನ್ನು ಬೇರೆ ಕಾಲಂನಲ್ಲಿ ಕೇಳಲಿ, ಗುಣಾಕಾರವನ್ನು ಕೋಡ್ ಮಾಡಿಕೊಳ್ಳಲಿ. ಆಗ ವಿವರಣೆಯೂ ಅರ್ಧಕ್ಕೆ ಇಳಿಯುತ್ತದೆ. ‘ಒಂದೂವರೆ ಲಕ್ಷ’, ‘1,50,000’ ಎಂದೆಲ್ಲ ಹೇಳುವವರು ನಾವು. ‘ಅಲ್ಪವಿರಾಮವಿಲ್ಲದ ಅಂಕಿ ಮಾತ್ರ, ಉದಾ: 150000’ ಎಂದು ಸೇರಿಸಿ.

ದಿನಾಂಕದ್ದೂ ಇದೇ ಕಥೆ. 07/04 ನಮಗೆ ಏಪ್ರಿಲ್ 7, ಅಮೆರಿಕದವರಿಗೆ ಜುಲೈ 4. 2025-04-07 ಎಂಬ ಮಾದರಿಯನ್ನೇ ಕೊಟ್ಟುಬಿಡಿ.

ಕೂಡಿಸುವುದೋ, ಬದಲಿಸುವುದೋ?

‘ಬಾಬ್ತಿನ ಬಜೆಟ್ ಅಪ್‌ಡೇಟ್ ಮಾಡುತ್ತದೆ’ ಎಂಬಂಥ ವಾಕ್ಯ ಓದಲು ಚೆನ್ನಾಗಿದೆ, ಆದರೆ ಅಪಾಯಕಾರಿ. ದಿನಸಿಗೆ ಆಗಲೇ 8,000 ಇಟ್ಟಿದ್ದೀರಿ, ‘ಇನ್ನೆರಡು ಸಾವಿರ ಹಾಕು’ ಎನ್ನುತ್ತೀರಿ. ವೈನ್ಯಾಬ್‌ನಲ್ಲಿ ತಿಂಗಳ ಬಾಬ್ತಿಗೆ ಕಳಿಸಿದ ಮೊತ್ತ ಹಳೆಯದರ ಜಾಗಕ್ಕೆ ಬಂದು ಕೂರುತ್ತದೆ, ಅದಕ್ಕೆ ಸೇರುವುದಿಲ್ಲ. ಏಜೆಂಟ್ 2,000 ಕಳಿಸಿದರೆ ದಿನಸಿಗೆ ಉಳಿಯುವುದು 2,000 ಮಾತ್ರ. ಹೀಗೆ ಬರೆಯಿರಿ: ‘ಈ ತಿಂಗಳು ಈ ಬಾಬ್ತಿಗಿಟ್ಟ ಹಣವನ್ನು ಹೊಸ ಮೊತ್ತಕ್ಕೆ ಬದಲಿಸುತ್ತದೆ. ಹಳೆಯ ಮೊತ್ತ ಅಳಿಸಿಹೋಗುತ್ತದೆ. ಹೆಚ್ಚಿಸಬೇಕಿದ್ದರೆ ಮೊದಲು ಈಗಿನ ಮೊತ್ತ ಓದಿ, ಕೂಡಿಸಿ, ಒಟ್ಟು ಮೊತ್ತ ಕಳಿಸಿ.’

ಯಾವಾಗ ಬಳಸಬಾರದು?

ಹೆಚ್ಚಿನವರು ಬಿಟ್ಟುಬಿಡುವ ಸಾಲು ಇದು. ಉಳಿತಾಯ ಖಾತೆಯಿಂದ ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟಿದ್ದು ಖರ್ಚಲ್ಲ, ಒಂದು ಖಾತೆಯಿಂದ ಇನ್ನೊಂದಕ್ಕೆ ಹೋದ ಹಣ. ವೈನ್ಯಾಬ್‌ನಲ್ಲಿ ಇದಕ್ಕೆ ಪ್ರತಿ ಖಾತೆಗೂ ವರ್ಗಾವಣೆಗೆಂದೇ ಹಣ ಪಡೆಯುವವರ (ಪೇಯೀ) ಗುರುತು ಸಂಖ್ಯೆ ಬೇರೆಯೇ ಇದೆ. ಅದನ್ನು ಹೇಳದಿದ್ದರೆ ಏಜೆಂಟ್ ಕಾರ್ಡ್‌ನಲ್ಲಿ ಒಮ್ಮೆ, ಬಿಲ್ ಕಟ್ಟಿದಾಗ ಇನ್ನೊಮ್ಮೆ ಎಂದು ಒಂದೇ ಖರ್ಚನ್ನು ಎರಡು ಸಲ ಬರೆದೀತು. ವೈನ್ಯಾಬ್‌ನಲ್ಲಿ ಮುಂದಿನ ದಿನಾಂಕ ಹಾಕಿದ ವಹಿವಾಟನ್ನೂ ಸಾಮಾನ್ಯ ವಹಿವಾಟಿನಂತೆ ಸೇರಿಸಲಾಗದು, ಅದನ್ನೂ ಬರೆಯಿರಿ.

ಒಂದೇ ಥರ ಕಾಣುವ ಎರಡು ಟೂಲ್‌ಗಳಿದ್ದರಂತೂ ಈ ಸಾಲು ಬೇಕೇ ಬೇಕು. ಆ್ಯಕ್ಚುಯಲ್‌ನಲ್ಲಿ ವಹಿವಾಟು ‘ಸೇರಿಸುವ’ ಮತ್ತು ‘ಆಮದು ಮಾಡುವ’ ಎರಡು ವಿಧಾನಗಳಿವೆ. ಆಮದಿನಲ್ಲಿ ಈಗಾಗಲೇ ಇರುವುದರ ಜೊತೆ ಹೊಂದಿಸಿ ನೋಡುವ ವ್ಯವಸ್ಥೆ ಇದೆ, ಸೇರಿಸುವುದು ನಕಲನ್ನು ತಡೆಯುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟು ‘ಇದನ್ನೆಲ್ಲ ಹಾಕು’ ಎಂದಾಗ ಏಜೆಂಟ್ ಯಾವುದನ್ನು ಆರಿಸಬೇಕೆಂದು ಎರಡೂ ವಿವರಣೆಗಳಲ್ಲಿ, ಒಂದು ಇನ್ನೊಂದರ ಹೆಸರು ಹೇಳುವಂತೆ, ಬರೆದಿಡಿ.

ತಪ್ಪಾದಾಗಿನ ಮಾತು

ಟೂಲ್ ಬರೀ ‘ದೋಷ 400’ ಎಂದು ಉತ್ತರಿಸಿದರೆ ಏಜೆಂಟ್ ಅದನ್ನೇ ಮತ್ತೆ ಮತ್ತೆ ಕಳಿಸುತ್ತಾ ಕೂರಬಹುದು. ವೈನ್ಯಾಬ್‌ನಲ್ಲಿ ಗಂಟೆಗೆ 200 ವಿನಂತಿಗಳ ಮಿತಿಯೂ ಇದೆ. ‘ದಿನಸಿ ಎಂಬ ಬಾಬ್ತು ಸಿಗಲಿಲ್ಲ. ಬಾಬ್ತುಗಳ ಪಟ್ಟಿ ತರಿಸಿ, ಅದರಲ್ಲಿರುವ ಗುರುತು ಸಂಖ್ಯೆ ಬಳಸಿ’ ಎಂದು ಟೂಲ್ ಉತ್ತರಿಸಲಿ.

ಓದುವ ಟೂಲ್, ಬರೆಯುವ ಟೂಲ್, ಅಳಿಸುವ ಟೂಲ್ ಬೇರೆಬೇರೆ ಇರಲಿ. ಬರೀ ಓದುವಂಥದ್ದು, ಹಾನಿ ಮಾಡಬಹುದಾದದ್ದು ಎಂದು ಎಂಸಿಪಿಯಲ್ಲಿ ಸೂಚನೆ ಅಂಟಿಸಬಹುದು. ಅದು ಬರೀ ಸೂಚನೆ, ಬೀಗವಲ್ಲ. ಅಳಿಸುವ ಮುನ್ನ ಬಳಕೆದಾರರ ಒಪ್ಪಿಗೆ ಪಡೆಯುವ ಏರ್ಪಾಡು ನಿಮ್ಮ ಕೋಡ್‌ನಲ್ಲೇ ಇರಬೇಕು.

ಪರೀಕ್ಷೆ ಮಾಡುವುದು

ನಕಲಿ ಬಜೆಟ್ ಒಂದನ್ನು ಮಾಡಿಕೊಳ್ಳಿ. ಮನೆಯವರು ಹೇಗೆ ಕೇಳುತ್ತಾರೋ ಹಾಗೇ ಕೇಳಿ: ‘ನಿನ್ನೆ ಪೆಟ್ರೋಲ್‌ಗೆ ಐನೂರು ಯುಪಿಐ ಮಾಡಿದೆ’, ‘ಕಾರ್ಡ್ ಬಿಲ್ ಕಟ್ಟಿಯಾಯ್ತು’, ‘ಈ ವರ್ಷ ಔಷಧಿಗೆ ಎಷ್ಟು?’ ಈ ಕೊನೆಯದರಲ್ಲಿ ವರ್ಷ ಜನವರಿಯಿಂದಲೋ ಏಪ್ರಿಲ್‌ನಿಂದಲೋ ಎಂಬುದೇ ಪ್ರಶ್ನೆ. ಏಜೆಂಟ್ ಕೊಟ್ಟ ಉತ್ತರ ಸರಿಯಿದೆ ಎಂದು ಸುಮ್ಮನಾಗಬೇಡಿ. ಲಾಗ್ ತೆರೆದು ಯಾವ ಟೂಲ್ ಕರೆಯಿತು, ಯಾವ ಅಂಕಿ ಕಳಿಸಿತು ನೋಡಿ. ತಪ್ಪಿದ್ದ ಕಡೆ ಮೊದಲು ಆ ಟೂಲ್‌ನ ವಿವರಣೆ ತಿದ್ದಿ, ಅದೇ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಿ. ಒಂದು ಸಾಲು ತೆಗೆದರೂ ಉತ್ತರ ಸರಿಯಾಗಿಯೇ ಬರುತ್ತಿದೆಯೇ? ಹಾಗಿದ್ದರೆ ಆ ಸಾಲನ್ನು ಕಿತ್ತುಹಾಕಿ. ವಿವರಣೆ ಉದ್ದವಾದಷ್ಟೂ ಪ್ರತಿ ಮಾತುಕತೆಯಲ್ಲೂ ಅದರ ಟೋಕನ್ ಖರ್ಚು ನಿಮ್ಮದೇ.