ಕಾಡುದಾರಿಗೆ ಬೈಕ್ ಇಳಿಸುವ ಮುನ್ನ: ಮೊದಲು ನೆಲ ಯಾರದೆಂದು ನೋಡಿ

ಮಳೆಗಾಲ ಮುಗಿಯುತ್ತಿದ್ದಂತೆ ಸಕಲೇಶಪುರ, ಮೂಡಿಗೆರೆ, ಕಳಸ, ಸೋಮವಾರಪೇಟೆ ಕಡೆಯ ಬೆಟ್ಟಗಳಿಗೆ ಬೈಕ್‌ಗಳ ದಂಡೇ ಹೊರಡುತ್ತದೆ. ಡಾಂಬರು ಬಿಟ್ಟು ಮಣ್ಣಿನ ಹಾದಿ ಹಿಡಿಯುವ ಆಸೆಯಲ್ಲಿ ತಪ್ಪೇನಿಲ್ಲ. ಅದಕ್ಕೆಂದೇ ತಯಾರಾದ ಬೈಕ್‌ಗಳು ಈಗ ಊರಿನ ಷೋರೂಮಿನಲ್ಲೇ ಸಿಗುತ್ತವೆ. ಆದರೆ ಸವಾರರು ಕೇಳುವುದು ಹಾದಿ ಎಲ್ಲಿದೆ ಎಂದು. ಕಾನೂನು ಕೇಳುವುದು ಆ ಹಾದಿ ಯಾರ ನೆಲದ ಮೇಲಿದೆ, ಆ ನೆಲ ಯಾವ ಕಾಯ್ದೆಗೆ ಒಳಪಟ್ಟಿದೆ ಎಂದು. ಚಕ್ರ ನುಸುಳುವಷ್ಟು ಜಾಗವಿದೆ ಎಂದಮಾತ್ರಕ್ಕೆ ಅಲ್ಲಿ ಓಡಿಸುವ ಹಕ್ಕು ಬರುವುದಿಲ್ಲ. ಮಲೆನಾಡಿನಲ್ಲಿ ಒಂದೇ ಬೆಟ್ಟದ ಒಂದು ಮಗ್ಗುಲು ಕಾಫಿ ತೋಟ, ಇನ್ನೊಂದು ಮಗ್ಗುಲು ಮೀಸಲು ಅರಣ್ಯ, ನೆತ್ತಿ ಅಭಯಾರಣ್ಯ ಆಗಿರಬಹುದು. ಹಾಗಾಗಿ ಹಾದಿಯನ್ನು ಮೊದಲು ದಾಖಲೆಯಲ್ಲಿ ಹುಡುಕಿ, ಆಮೇಲೆ ನೆಲದ ಮೇಲೆ ಹುಡುಕಬೇಕು. ಕಾಡಿಗೂ ಸವಾರನಿಗೂ ಇದೇ ಕ್ಷೇಮ.

ಅತಿ ಬಿಗಿಯಾದ ನಿಯಮವಿರುವುದು ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಲ್ಲಿ. ಪುಷ್ಪಗಿರಿ, ಭದ್ರಾ, ಕುದುರೆಮುಖ, ಸೋಮೇಶ್ವರ, ಮೂಕಾಂಬಿಕಾ ಎಲ್ಲವೂ ಈ ಸಾಲಿಗೆ ಸೇರಿದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಇಲ್ಲಿಗೆ ಯಾರು ಪ್ರವೇಶಿಸಬಹುದೆಂದು ಪಟ್ಟಿ ಮಾಡಿದೆ: ಕರ್ತವ್ಯದಲ್ಲಿರುವ ಸರ್ಕಾರಿ ನೌಕರರು, ಪರವಾನಗಿ ಪಡೆದವರು, ಒಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಇಂಥವರ ಅವಲಂಬಿತರು. ಪರವಾನಗಿ ಯಾವ ಉದ್ದೇಶಕ್ಕೆಂಬುದನ್ನು 28ನೇ ಕಲಂ ಹೇಳುತ್ತದೆ: ವನ್ಯಜೀವಿ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗಿನ ನಿವಾಸಿಗಳೊಂದಿಗೆ ಕಾನೂನುಬದ್ಧ ವ್ಯವಹಾರ. ಪ್ರವಾಸವೆಂಬ ಮಾತು ಇದೆಯಲ್ಲ ಎನ್ನಬಹುದು. ಇದೆ, ಆದರೆ ಪರವಾನಗಿಯ ಷರತ್ತುಗಳಿಗೆ ಒಳಪಟ್ಟು. ಕುಮಾರ ಪರ್ವತ ಹತ್ತಲು ಸಿಕ್ಕ ಚಾರಣದ ಚೀಟಿ ಕಾಲ್ನಡಿಗೆಗೆ ಸಿಕ್ಕದ್ದು. ಅದೇ ಚೀಟಿ ಹಿಡಿದು ಎಂಜಿನ್ ಚಾಲೂ ಮಾಡಿದರೆ ಷರತ್ತು ಮುರಿದಂತೆ. ಕಾಯ್ದೆ ಉಲ್ಲಂಘನೆಗೆ 51ನೇ ಕಲಮಿನ ಸಾಮಾನ್ಯ ಶಿಕ್ಷೆ 3 ವರ್ಷದವರೆಗೆ ಸೆರೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2022ರ ತಿದ್ದುಪಡಿಗೆ ಮೊದಲು ಈ ದಂಡ 25 ಸಾವಿರ ಇತ್ತು.

ಅಭಯಾರಣ್ಯದ ಗಡಿ ದಾಟಿ ಹೊರಬಂದರೆ ಎಲ್ಲವೂ ಮುಕ್ತ ಎಂದು ತಿಳಿಯುವವರೇ ಹೆಚ್ಚು. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಅದರ 24ನೇ ಕಲಮಿನಡಿ ಅತಿಕ್ರಮ ಪ್ರವೇಶವೇ ಅಪರಾಧ. 4ನೇ ಕಲಮಿನ ಅಧಿಸೂಚನೆಯಾಗಿ ಹಕ್ಕುಗಳ ವಿಚಾರಣೆ ಬಾಕಿಯಿರುವ ಜಾಗಗಳೂ ಮಲೆನಾಡಿನಲ್ಲಿ ಬೇಕಾದಷ್ಟಿವೆ. ಅವನ್ನು ಸಾಮಾನ್ಯ ಕಂದಾಯ ಭೂಮಿಯೆಂದು ಭಾವಿಸುವಂತಿಲ್ಲ. ಡೀಮ್ಡ್ ಅರಣ್ಯದ ಮಾತು ಬೇರೆ. ಒಡೆತನ ಯಾರದೇ ಇದ್ದರೂ ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೆ ಅದು ಅರಣ್ಯ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಆದೇಶಿಸಿತು. ಆ ಕಾಯ್ದೆಯಡಿ ಅರಣ್ಯ ಭೂಮಿಯನ್ನು ಅರಣ್ಯೇತರ ಕೆಲಸಕ್ಕೆ ಬಳಸಲು ಕೇಂದ್ರದ ಒಪ್ಪಿಗೆ ಬೇಕು. ಸ್ಥಳೀಯ ಅಧಿಕಾರಿ ಬಾಯಿಮಾತಿನಲ್ಲಿ ‘ಟ್ರ್ಯಾಕ್ ಮಾಡಿಕೊಳ್ಳಿ’ ಎಂದರೂ ಅದಕ್ಕೆ ಬೆಲೆಯಿಲ್ಲ.

ಹಾಗಾದರೆ ನ್ಯಾಯವಾದ ಹಾದಿ ಎಲ್ಲಿ ಸಿಗುತ್ತದೆ? ಭೂಮಾಪನ ಇಲಾಖೆಯ ಗ್ರಾಮ ನಕಾಶೆ ತೆರೆದು ನೋಡಿ. ಸರ್ವೆ ನಂಬರುಗಳ ನಡುವೆ ಒಂಟಿ ತುಂಡುಗೆರೆ ಕಂಡರೆ ಕಾಲುದಾರಿ, ಜೋಡಿ ತುಂಡುಗೆರೆ ಕಂಡರೆ ಬಂಡಿದಾರಿ. ಜೋಡಿಗೆರೆಯ ಹಾದಿ ಹಿಂದಿನಿಂದಲೂ ಗಾಡಿ ಓಡಾಡಿದ ದಾರಿ. ವಾಹನದ ಸವಾರ ಮೊದಲು ಹುಡುಕಬೇಕಾದದ್ದು ಅದನ್ನೇ. ಇನ್ಯಾರ ಆಸ್ತಿಯೂ ಅಲ್ಲದ ಸಾರ್ವಜನಿಕ ರಸ್ತೆ, ದಾರಿಗಳು ಸರ್ಕಾರಕ್ಕೆ ಸೇರಿದವೆಂದು 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಹೇಳುತ್ತದೆ. ಪಹಣಿಯಲ್ಲಿ ‘ಬಿ’ ಖರಾಬು ಎಂದಿದ್ದರೆ ಆ ಭಾಗ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ‘ಎ’ ಖರಾಬು ಹಿಡುವಳಿದಾರನದೇ. ನಿಂತ ಜಾಗದ ಸರ್ವೆ ನಂಬರು ತಿಳಿಯಲು ದಿಶಾಂಕ್ ಆ್ಯಪ್ ಇದೆ, ಪಹಣಿಗೆ ಭೂಮಿ ಜಾಲತಾಣವಿದೆ. ಆದರೂ ಅನುಮಾನ ಉಳಿದರೆ ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಇಂಥ ಸರ್ವೆ ನಂಬರು ಅಧಿಸೂಚಿತ ಅರಣ್ಯವೇ, ಇಂಥ ದಾರಿ ಸಾರ್ವಜನಿಕ ವಾಹನಗಳಿಗೆ ಮುಕ್ತವೇ? ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದ ಮೀರದಂತೆ ಬರೆಯಬೇಕು.

ಖಾಸಗಿ ತೋಟವಾದರೆ ಮಾಲೀಕನ ಲಿಖಿತ ಒಪ್ಪಿಗೆ ಪಡೆಯುವುದು ಸುರಕ್ಷಿತ. ಹೋಂಸ್ಟೇಯವರು ‘ಹಿಂದುಗಡೆ ಬೆಟ್ಟವೂ ನಮ್ಮದೇ, ಹೋಗಿ’ ಎಂದರೆ ಸರ್ವೆ ನಂಬರು ಕೇಳಿ, ಪಹಣಿಯ 9ನೇ ಕಾಲಮಿನಲ್ಲಿ ಯಾರ ಹೆಸರಿದೆ ನೋಡಿ. ಒತ್ತುವರಿ ಜಾಗಕ್ಕೆ ಒತ್ತುವರಿದಾರ ಕೊಟ್ಟ ಒಪ್ಪಿಗೆ ನಿಮ್ಮನ್ನು ಕಾಯುವುದಿಲ್ಲ. ವಾಹನದ ವಿಷಯದಲ್ಲೂ ತಪ್ಪು ಕಲ್ಪನೆಗಳಿವೆ. ರಸ್ತೆಗೆ ಇಳಿಸದ ಬೈಕ್‌ಗೆ ನೋಂದಣಿ ಏಕೆ ಎಂಬ ಮಾತು ಸಾಮಾನ್ಯ. ಮೋಟಾರು ವಾಹನ ಕಾಯ್ದೆಯ 39ನೇ ಕಲಂ ನೋಂದಣಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಾಗಲಿ ಬೇರಾವ ಸ್ಥಳದಲ್ಲಾಗಲಿ ಓಡಿಸಬಾರದು ಎನ್ನುತ್ತದೆ. ಆವರಣದೊಳಗೆ ಮಾತ್ರ ಬಳಸುವ ವಿಶೇಷ ವಾಹನ ಈ ಕಾಯ್ದೆಯ ವ್ಯಾಖ್ಯೆಯ ಹೊರಗಿದೆ, ನಿಜ. ಆದರೆ ತೆರೆದ ಬೆಟ್ಟ ಆವರಣವಲ್ಲ. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ವೇಗದ ಸ್ಪರ್ಧೆ ನಡೆಸಿದರೆ 189ನೇ ಕಲಂ ಬರುತ್ತದೆ. ಸಾಮಾನ್ಯ ವಿಮಾ ಪಾಲಿಸಿಗಳು ಸ್ಪರ್ಧೆ, ವೇಗ ಪರೀಕ್ಷೆಯನ್ನು ಹೊರಗಿಟ್ಟಿರುತ್ತವೆ. ಬಿದ್ದು ಕಾಲು ಮುರಿದ ಮೇಲೆ ಪಾಲಿಸಿ ಓದಿ ಫಲವಿಲ್ಲ.

ಇದಕ್ಕೆ ಆಕ್ಷೇಪಗಳು ಬರುವುದು ಸಹಜ. ಊರಿನವರು ದಿನವೂ ಅದೇ ಹಾದಿಯಲ್ಲಿ ಮೊಪೆಡ್ ಓಡಿಸುತ್ತಾರಲ್ಲ, ನಮಗೇಕೆ ತಡೆ ಎಂಬುದು ಮೊದಲನೆಯದು. ಅವರಿಗೆ ಅಲ್ಲಿ ಜಮೀನಿದೆ, ಮನೆಯಿದೆ. ಕೆಲವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಮಾನ್ಯತೆಯಿದೆ. ಬದುಕಿಗಾಗಿ ಸಿಕ್ಕ ಹಕ್ಕು ವಿಹಾರಕ್ಕೆ ವರ್ಗವಾಗುವುದಿಲ್ಲ. ಬೋರ್ಡೇ ಇರಲಿಲ್ಲ, ಮೊಬೈಲ್ ನಕ್ಷೆ ದಾರಿ ತೋರಿಸಿತು ಎಂಬುದು ಎರಡನೆಯದು. ಗಡಿಯಲ್ಲಿ ಫಲಕ ಹಾಕಿ ಎಂದು ಇಲಾಖೆಯನ್ನು ಒತ್ತಾಯಿಸುವುದು ನ್ಯಾಯವೇ. ಆದರೆ ಕಾಯ್ದೆಯ ನಿರ್ಬಂಧ ಫಲಕದಿಂದ ಹುಟ್ಟುವುದಿಲ್ಲ, ನಕ್ಷೆ ಪರವಾನಗಿಯೂ ಅಲ್ಲ. ಒಂದೆರಡು ಬೈಕ್‌ನಿಂದ ಏನು ನಷ್ಟ ಎಂಬುದು ಮೂರನೆಯದು. ಶೋಲಾ ಬೆಟ್ಟದ ಇಳಿಜಾರಿನಲ್ಲಿ ಹುಲ್ಲಿನ ಬೇರಷ್ಟೇ ಮಣ್ಣನ್ನು ಹಿಡಿದಿಟ್ಟಿರುತ್ತದೆ. ದಪ್ಪ ಹಲ್ಲಿನ ಟಯರು ಆ ಬೇರನ್ನು ಕಿತ್ತ ಗೀರಿನಲ್ಲಿ ಮುಂಗಾರಿನ ನೀರು ಹರಿದು ಕೊರಕಲಾಗುತ್ತದೆ. ಮುಂದೆ ಬರುವ ಸವಾರ ಕೊರಕಲು ತಪ್ಪಿಸಲು ಪಕ್ಕದ ಹುಲ್ಲಿಗೆ ಚಕ್ರ ಇಳಿಸುತ್ತಾನೆ. ಬಂಡೀಪುರದ ಹೆದ್ದಾರಿಯಲ್ಲೇ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಡಾಂಬರು ರಸ್ತೆಗೇ ಹೀಗಿರುವಾಗ ಕಾಡಿನೊಳಗಿನ ಹಾದಿಗೆ ರಿಯಾಯಿತಿ ಕೇಳುವುದು ಕಷ್ಟ.

ಆದರೆ ನಿಯಮ ಪಾಲಿಸುವ ಹೊಣೆ ಸವಾರನದಷ್ಟೇ ಅಲ್ಲ. ಅರಣ್ಯ ಸಿಬ್ಬಂದಿ ತಡೆದರೆ ವಾಗ್ವಾದಕ್ಕಿಳಿಯದೆ ಗುರುತಿನ ಚೀಟಿ ಕೇಳಬಹುದು. ಬೈಕ್ ಜಪ್ತಿಯಾದರೆ ಮಹಜರಿನ ಪ್ರತಿ ಕೇಳಿ. ಓದದೆ ಸಹಿ ಹಾಕಬೇಡಿ. ವನ್ಯಜೀವಿ ಕಾಯ್ದೆಯಡಿ ವಶಕ್ಕೆ ಪಡೆದ ವ್ಯಕ್ತಿಯನ್ನೂ ವಸ್ತುವನ್ನೂ ತಡಮಾಡದೆ ಮ್ಯಾಜಿಸ್ಟ್ರೇಟರ ಮುಂದಿಡಬೇಕೆಂದು 50ನೇ ಕಲಂ ಹೇಳುತ್ತದೆ. ಬಂಧನದ ಕಾರಣ ತಿಳಿಯುವ, ವಕೀಲರನ್ನು ಕಾಣುವ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ. ಹಣ ಕಟ್ಟಿ ಪ್ರಕರಣ ರಾಜಿ ಮಾಡಿಕೊಳ್ಳಲು ವನ್ಯಜೀವಿ ಕಾಯ್ದೆಯ 54ನೇ ಕಲಮಿನಲ್ಲಿ ಅವಕಾಶವಿದೆ, ಆದರೆ ರಾಜ್ಯದಲ್ಲಿ ಆ ಅಧಿಕಾರ ಉಪ ಅರಣ್ಯ ಸಂರಕ್ಷಣಾಧಿಕಾರಿಗಿಂತ ಕೆಳಗಿನವರಿಗಿಲ್ಲ. ಗೇಟಿನಲ್ಲಿ ನಿಂತವರು ರಸೀದಿಯಿಲ್ಲದೆ ಕೇಳುವ ಹಣ ದಂಡವಾಗುವುದಿಲ್ಲ. ವಿಚಾರಣೆ ಮುಗಿಯುವವರೆಗೆ ಜಪ್ತಿಯಾದ ವಾಹನವನ್ನು ಮಧ್ಯಂತರವಾಗಿ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಸ್ಪಷ್ಟಪಡಿಸಿದೆ. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದಕ್ಕೆ 497ನೇ ಕಲಂ ಇದೆ.

ಈ ಹಕ್ಕುಗಳೆಲ್ಲ ತಡೆದ ಮೇಲೆ ನೆರವಿಗೆ ಬರುವಂಥವು. ತಡೆಯುವ ಸಂದರ್ಭವೇ ಬಾರದಂತೆ ಮಾಡುವುದು ಗ್ರಾಮ ನಕಾಶೆಯ ಪ್ರತಿ, ಪಹಣಿ, ಮಾಲೀಕನ ಒಪ್ಪಿಗೆ ಪತ್ರ, ಇಲಾಖೆಯ ಲಿಖಿತ ಉತ್ತರ. ಇವು ಜೇಬಿನಲ್ಲಿರುವ ಸವಾರ ತಾನಿರುವ ಜಾಗದ ಲೆಕ್ಕ ಕೊಡಬಲ್ಲ. ಸವಾರರ ಸಂಘಗಳು ಒಟ್ಟಾಗಿ ಕೇಳಬೇಕಾದದ್ದೂ ಇದೇ: ಯಾವ ಬಂಡಿದಾರಿ ಮುಕ್ತ, ಯಾವುದು ಅಲ್ಲ ಎಂಬ ಪಟ್ಟಿಯನ್ನು ಕಂದಾಯ ಮತ್ತು ಅರಣ್ಯ ಇಲಾಖೆಗಳು ಸೇರಿ ತಾಲ್ಲೂಕುವಾರು ಪ್ರಕಟಿಸಲಿ. ಅಲ್ಲಿಯವರೆಗೆ ಅನುಮಾನವಿರುವ ಹಾದಿಯನ್ನು ಮುಚ್ಚಿದ ಹಾದಿಯೆಂದೇ ಎಣಿಸುವುದು ಒಳ್ಳೆಯದು.