ತಂತಿಯಿಲ್ಲದ ಟೆಲಿಫೋನು

ನಮ್ಮಂಥವರು ವಾಸಿಸುವ ಮುಂಬಯಿಯ ಹಳೆಯ ಚಾಳುಗಳಲ್ಲಿ ಮೆಟ್ಟಿಲಿನ ಕೆಳಗೆ ತುಕ್ಕು ಹಿಡಿದ ಪೆಟ್ಟಿಗೆಯೊಂದನ್ನು ವಾಚಕರು ಕಂಡಿರಬಹುದು. ಬೀದಿಯಿಂದ ಬಂದ ಟೆಲಿಫೋನ್ ಕೇಬಲ್ಲು ಅಲ್ಲಿ ಕವಲೊಡೆದು, ಮನೆಗೊಂದು ಜೋಡಿ ತಾಮ್ರದ ತಂತಿಯಾಗಿ ಮೇಲಕ್ಕೇರುತ್ತದೆ. ಪೆಟ್ಟಿಗೆಗೆ ಮಳೆಯ ನೀರಿಳಿಯಿತೆಂದರೆ ತಾಮ್ರ ಹಸಿರುಗಟ್ಟಿ, ಮಾತಿಗೆ ಬದಲು ಬರಿಯ ಗೊರಗೊರ ಸದ್ದು ಕೇಳಿಸುತ್ತದೆ. 1996ರ ಮಳೆಗಾಲದಲ್ಲಿ ನಮ್ಮ ಪಕ್ಕದ ಖೋಲಿಯವರ ತಂದೆ ಊರಿನಲ್ಲಿ ತೀರಿಕೊಂಡರು. ಮನೆಯವರು ಫೋನು ಮಾಡಿ ಮಾಡಿ ಸೋತು ಕೊನೆಗೆ ಟೆಲಿಗ್ರಾಂ ಕೊಟ್ಟರು. ಅದು ಕೈಸೇರುವಷ್ಟರಲ್ಲಿ ಸಂಸ್ಕಾರ ಮುಗಿದಿತ್ತು. ಹೊಸ ತಂತಿ ಎಳೆಸೋಣವೆಂದರೆ ಕಟ್ಟಡದ ಯಜಮಾನರು ಗೋಡೆಗೆ ಮೊಳೆ ಹೊಡೆಯಬಿಟ್ಟಿರಲಿಲ್ಲ. ಹಾಗಾದರೆ ತಂತಿಗೆ ಬದಲೇನುಂಟು?

ಅಲೆಗಳು ಗೋಡೆಯನ್ನು ದಾಟಬಲ್ಲವೆಂಬುದು ಹಳೆಯ ಸಂಗತಿಯೇ. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಗೋಡೆಯಾಚೆಗೆ ಅಲೆ ಕಳುಹಿಸಿ ಗಂಟೆ ಬಾರಿಸಿ ತೋರಿಸಿದ್ದರು. 1990ರ ದಶಕದಲ್ಲಿ ಮದರಾಸಿನ ಐ.ಐ.ಟಿ.ಯ ಪ್ರೊಫೆಸರ್ ಅಶೋಕ್ ಝುನ್‌ಝುನ್‌ವಾಲಾ ಅವರ ತಂಡವು ‘ಕಾರ್‌ಡೆಕ್ಟ್’ ಎಂಬ ಪದ್ಧತಿಯನ್ನು ರೂಪಿಸಿತು. ಎಕ್ಸ್‌ಚೇಂಜಿನಿಂದ ಮನೆಯವರೆಗಿನ ಕೊನೆಯ ತಂತಿಗೆ ಬದಲಾಗಿ ಅಲೆಗಳನ್ನು ಬಳಸುವುದು ಅದರ ಉದ್ದೇಶ. ಖರ್ಚಿನ ದೊಡ್ಡ ಪಾಲು ಆ ತಂತಿಯಲ್ಲಿಯೇ ಅಡಗಿತ್ತಷ್ಟೆ.

2023ರಲ್ಲಿ ಏರ್‌ಟೆಲ್, ಜಿಯೋ ಕಂಪನಿಗಳು ‘ಏರ್‌ಫೈಬರ್’ ಎಂಬ ಹೆಸರಿನಲ್ಲಿ ಇದೇ ಕೆಲಸಕ್ಕೆ 5ಜಿ ಅಲೆಗಳನ್ನು ಹಚ್ಚಿದವು. ಹೆಸರು ಕೇಳಿ ತಂತಿಯೇ ಇಲ್ಲವೆಂದು ತಿಳಿಯಬಾರದು. ಅನೇಕ ಕಡೆ ಮಾಳಿಗೆಯ ಮೇಲೋ ಹೊರಗೋಡೆಗೋ ಒಂದು ಗ್ರಾಹಕ ಯಂತ್ರವನ್ನು ಕೂರಿಸಿ, ಅಲ್ಲಿಂದ ಕೋಣೆಯ ರೌಟರಿಗೆ ಕೇಬಲ್ಲು ತರುತ್ತಾರೆ. ಆದುದರಿಂದ ಯಜಮಾನರ ಒಪ್ಪಿಗೆ ಮೊದಲೇ ಬೇಕು, ಬರಹದಲ್ಲಿದ್ದರೆ ಲೇಸು.

ರೌಟರಿನಿಂದ ಮುಂದಕ್ಕೆ ವೈಫೈ. ಅದರಲ್ಲಿ ಎರಡು ಬಗೆ ಉಂಟು: 5 ಗಿಗಾಹರ್ಟ್ಸ್ ಅಲೆ ವೇಗದ್ದು, ಆದರೆ ದಪ್ಪ ಗೋಡೆಯ ಮುಂದೆ ಬೇಗ ಸೋಲುತ್ತದೆ, 2.4ರದು ನಿಧಾನ, ಆದರೆ ಹೆಚ್ಚು ದೂರ ತಲಪುತ್ತದೆ. ಕಬ್ಬಿಣದ ಬೀರುವಿನ ಹಿಂದೆ ರೌಟರನ್ನು ಅಡಗಿಸಿಟ್ಟು ಕಂಪನಿಯನ್ನು ಬೈಯುವವರನ್ನು ನಾವು ಕಂಡಿದ್ದೇವೆ! ಮೊಬೈಲ್ ಸಿಗ್ನಲ್ ಎಟುಕದ ನೆಲಮಾಳಿಗೆಯವರಿಗೆ ವೈಫೈ ಮೂಲಕವೇ ತಮ್ಮ ನಂಬರಿನಿಂದ ಕರೆಮಾಡುವ ಅನುಕೂಲ 2019ರ ಡಿಸೆಂಬರಿನಿಂದ ನಮ್ಮ ದೇಶದಲ್ಲಿ ಬಂದಿದೆ. ಮೊಬೈಲಿನ ಸೆಟ್ಟಿಂಗಿನಲ್ಲಿ ಅದನ್ನು ಆನ್ ಮಾಡಿದರಾಯಿತು.

ಆದರೆ ತಾಮ್ರದ ತಂತಿಗಿದ್ದ ಒಂದು ಗುಣ ಇದಕ್ಕಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಸುಮಾರು 48 ವೋಲ್ಟ್ ವಿದ್ಯುತ್ತು ಅದೇ ತಂತಿಯಲ್ಲಿ ಬರುತ್ತಿದ್ದುದರಿಂದ, ದೀಪ ಹೋದರೂ ಹಳೆಯ ಫೋನು ಮಾತನಾಡುತ್ತಿತ್ತು. ರೌಟರಾದರೋ ದೀಪದೊಡನೆ ಆರುತ್ತದೆ. ರಾತ್ರಿಪಾಳಿಗೆ ಹೋಗುವವರು ವಯಸ್ಸಾದ ತಾಯಿಯನ್ನೋ ಬಸುರಿ ಹೆಂಡತಿಯನ್ನೋ ಮನೆಯಲ್ಲಿ ಬಿಟ್ಟಿದ್ದರೆ, ರೌಟರಿನ ಚೀಟಿಯಲ್ಲಿರುವ ವೋಲ್ಟನ್ನು ನೋಡಿ, ಅದಕ್ಕೆ ಹೊಂದುವ ಚಿಕ್ಕ ಬ್ಯಾಟರಿ ಪೆಟ್ಟಿಗೆಯೊಂದನ್ನು ಕೊಳ್ಳಬೇಕು. ಹೊರಗಿನ ಗ್ರಾಹಕ ಯಂತ್ರಕ್ಕೆ ಬೇರೆ ವಿದ್ಯುತ್ತಿದ್ದರೆ ಅದಕ್ಕೂ ಅಂಥದೇ ಏರ್ಪಾಡು ಬೇಕು. ಜೋಡಿಸಲು ಬಂದವನು ಹೊರಡುವ ಮುನ್ನವೇ ಮೇನ್ ಸ್ವಿಚ್ ಆರಿಸಿಸಿ, ಒಂದು ಕರೆ ಮಾಡಿ ನೋಡಿ.