ಉಬುಂಟು ಲ್ಯಾಬ್, ವಿಂಡೋಸ್ ಲ್ಯಾಪ್‌ಟಾಪ್: ರಿಮೋಟ್ ಡೆಸ್ಕ್‌ಟಾಪ್ ಆಯ್ಕೆಯ ಪಾಠ

ಕೆಜಿಎಫ್, ಬಂಗಾರಪೇಟೆ ಕಡೆಯ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಈ ತೊಡಕು ಎದುರಾಗಬಹುದು: ನಮ್ಮ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಶಾಲೆಯ ಲ್ಯಾಬ್‌ನಲ್ಲಿ ಉಬುಂಟು. ಜಿಯೋಜೀಬ್ರಾ ಫೈಲ್ ಒಂದರಲ್ಲಿ, ಪ್ರೊಜೆಕ್ಟರ್ ಇನ್ನೊಂದಕ್ಕೆ. ಯಾವ ತಂತ್ರಾಂಶ ಒಳ್ಳೆಯದು ಎನ್ನುವುದಕ್ಕಿಂತ ಮೊದಲು, ಯಾವ ಯಂತ್ರದ ಪರದೆಯನ್ನು ಎಲ್ಲಿಂದ ನೋಡಬೇಕು ಎಂಬುದನ್ನು ಮಕ್ಕಳಿಂದಲೇ ಹೇಳಿಸಬೇಕು. ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಉಬುಂಟುವಿನ ಪರದೆ ವಿಂಡೋಸ್‌ನಲ್ಲಿ ಕಾಣಬೇಕೆ? ಉಬುಂಟು 22.04ರ ಸೆಟ್ಟಿಂಗ್ಸ್‌ನಲ್ಲೇ ಆರ್‌ಡಿಪಿ ಹಂಚಿಕೆ ಇದೆ. ಆ ಯಂತ್ರದಲ್ಲಿ ಲಾಗಿನ್ ಆಗಿದ್ದರೆ ಸಾಕು, ವಿಂಡೋಸ್‌ಗೆ ಹೊಸದೇನೂ ಹಾಕಬೇಕಿಲ್ಲ. ತಿರುಗುಮುರುಗಾದರೆ ಕಷ್ಟ. ಉಬುಂಟುವಿನಲ್ಲಿ ರೆಮ್ಮಿನಾ ಇದ್ದರೂ, ವಿಂಡೋಸ್ ಹೋಮ್ ಆವೃತ್ತಿ ಆರ್‌ಡಿಪಿ ಮೂಲಕ ತನ್ನೊಳಗೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ, ಪ್ರೊ ಬೇಕು. ಹೋಮ್ ಇದ್ದವರು ಟೈಟ್‌ವಿಎನ್‌ಸಿ ಹಾಕಿಕೊಳ್ಳಬಹುದು, ತುಸು ನಿಧಾನ ಅಷ್ಟೆ. ಇವಕ್ಕೆಲ್ಲ ಎರಡೂ ಯಂತ್ರಗಳು ಒಂದೇ ರೂಟರ್‌ಗೆ ಸೇರಿದ್ದರೆ ಸಾಕು, ಇಂಟರ್ನೆಟ್ ಬೇಡ. ಎನಿಡೆಸ್ಕ್, ಟೀಮ್‌ವ್ಯೂವರ್ ಸುಲಭ, ಎಲ್ಲ ವ್ಯವಸ್ಥೆಗಳಲ್ಲೂ ನಡೆಯುತ್ತವೆ. ಆದರೆ ಸಾಮಾನ್ಯವಾಗಿ ಕಂಪನಿಯ ಸರ್ವರ್ ಮೂಲಕ ಜೋಡಿಸುತ್ತವೆ, ಟೀಮ್‌ವ್ಯೂವರ್ ವೈಯಕ್ತಿಕ ಬಳಕೆಗಷ್ಟೇ ಉಚಿತ. ಒಂದೇ ಕೊಠಡಿಯ ಕೆಲಸಕ್ಕೆ ಅಷ್ಟು ದೂರ ಸುತ್ತಿ ಬರುವುದೇಕೆ?

ಪರಿಕಲ್ಪನೆ ಕಟ್ಟಲು ಊರಿನದೇ ಉದಾಹರಣೆ ಇದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೆಜಿಎಫ್ ಗಣಿಗೆ ಬಂತು: ಉತ್ಪಾದನೆ ಅಲ್ಲಿ, ಕೆಲಸ ಇಲ್ಲಿ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದೂ ಕೇಳಿ. ಆ ತಂತಿಯಲ್ಲಿ ಶಕ್ತಿ ಒಂದೇ ಕಡೆಗೆ ಬಂತು. ಇಲ್ಲಿ ಚಿತ್ರ ಈಚೆಗೆ ಬರುತ್ತದೆ, ನಾವು ಒತ್ತಿದ ಕೀಲಿಗಳು ಆಚೆಗೆ ಹೋಗುತ್ತವೆ. "ಸರ್, ಹಾಗಾದ್ರೆ ಫೈಲ್ ಎಲ್ಲಿದೆ?" ಎಂಬ ಪ್ರಶ್ನೆ ಬಂದರೆ ಪಾಠ ಹಿಡಿದಿದೆ ಎಂದರ್ಥ. ಫೈಲ್ ಇದ್ದಲ್ಲೇ ಇದೆ.

ನನ್ನ ಪ್ರಕಾರ ಹೆಚ್ಚು ಸಮಯ ಬೇಡುವುದು ಅನುಮತಿಯ ಭಾಗ. ಬ್ಯಾಂಕಿನವರೆಂದು ಕರೆ ಮಾಡಿ ಎನಿಡೆಸ್ಕ್ ಹಾಕಿಸಿ ಹಣ ದೋಚುವ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ತಂತ್ರಾಂಶದ ದೋಷ ಅದಲ್ಲ. ನಾವು ಒಪ್ಪಿ ತೆರೆದ ಬಾಗಿಲು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಮಂದಿ ಬೆಳಗಿನ ರೈಲಿಗೆ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ; ಮನೆಯಲ್ಲಿ ಅಜ್ಜಿಯ ಫೋನ್ ನೋಡಿಕೊಳ್ಳುವುದು ಮಗುವೇ. ಆದ್ದರಿಂದ ಪಾತ್ರಾಭಿನಯ ಮಾಡಿಸಿ: ಒಬ್ಬರು 'ಬ್ಯಾಂಕಿನವರು', ಒಬ್ಬರು ಅಜ್ಜಿ, ಒಬ್ಬರು ಮೊಮ್ಮಗಳು. ಪರದೆಯ ಮೇಲಿನ ಸಂಖ್ಯೆ ಕೇಳಿದಾಗ ಮೊಮ್ಮಗಳು ಏನು ಹೇಳುತ್ತಾಳೆ ಎಂಬುದೇ ಮೌಲ್ಯಮಾಪನ.

ಅವಧಿ ಮುಗಿದ ಕೂಡಲೇ ಲ್ಯಾಬ್‌ನ ಹಂಚಿಕೆಯನ್ನು ಮಕ್ಕಳ ಕೈಯಿಂದಲೇ ಆಫ್ ಮಾಡಿಸಿ, ಪಾಸ್‌ವರ್ಡ್ ಬದಲಿಸಿ.